ಹದಿನಾಲ್ಕು ಕೂಡಿಸುತ್ತಿದ್ದ ಮನುಷ್ಯ

ಹೋದ ತಿಂಗಳು ಅವರು ತೀರಿಕೊಂಡರು. ಕಾಲೇಜಿನ ಹಳೆಯ ಸಭಾಂಗಣದಲ್ಲಿ ಸಂತಾಪ ಸಭೆ ಇಟ್ಟಿದ್ದರು. ಮೇಜಿನ ಮೇಲೆ ಹಾರ ಹಾಕಿದ ಫೋಟೊ. ಫೋಟೊದಲ್ಲಿಯೂ ಕೊರಳಲ್ಲಿ ಆ ದಿಕ್ಸೂಚಿ. ಮಾತನಾಡಿದವರೆಲ್ಲ ಅವರ ಶಿಸ್ತು, ಅವರ ಸಾಹಸ, ವಿದ್ಯಾರ್ಥಿಗಳ ಮೇಲೆ ಅವರಿಗಿದ್ದ ಪ್ರೀತಿ ಎಂದು ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದುಕೊಂಡು ಹೊಗಳಿದರು. ನಿರೂಪಣೆ ಮಾಡುತ್ತಿದ್ದವರು ನನ್ನ ಹತ್ತಿರ ಬಂದು ಬಗ್ಗಿ, ಅಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಇದ್ದವರು ನೀವು, ಎರಡು ಮಾತು ಆಡಲೇಬೇಕು ಮೇಡಂ ಎಂದರು. ಗಂಟಲು ಸರಿ ಇಲ್ಲ ಎಂದೆ. ಗಂಟಲಿಗೆ ಏನೂ ಆಗಿರಲಿಲ್ಲ. ಬಾಯಿ ತೆರೆದರೆ ಅದು ಎರಡು ಮಾತಿಗೆ ನಿಲ್ಲುವುದಿಲ್ಲ ಎಂದು ಗೊತ್ತಿತ್ತು, ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಕುಳಿತಿದ್ದರು. ಆ ಹೆಂಗಸು ನನಗೆ ಯಾವ ಅನ್ಯಾಯವನ್ನೂ ಮಾಡಿದವರಲ್ಲ. ಹಾಗಾಗಿ ಅಲ್ಲಿ ಆಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ‘ಅವರು’ ಎಂದು ಬರೆಯುತ್ತಿರುವುದು ಅಭ್ಯಾಸಬಲದಿಂದ, ಗೌರವದಿಂದ ಅಲ್ಲ.

ಉಡುಪಿ ಹತ್ತಿರದ ಪರ್ಕಳದ ಬದಿಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಪಾಠ ಹೇಳುವ ಸಣ್ಣ ಕಾಲೇಜು ನಮ್ಮದು. ನಾನು ಕಾಪುವಿನಿಂದ ಎರಡು ಬಸ್ಸು ಬದಲಿಸಿ ಹೋಗಿ ಗಣಿತ ಕಲಿಸುತ್ತಿದ್ದೆ. ಅವರು ವಿಜ್ಞಾನ ವಿಭಾಗದ ಮುಖ್ಯಸ್ಥರು, ಅಂದರೆ ನನಗೂ ಮುಖ್ಯಸ್ಥರೇ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೇರಿದ ದಿನ ಮೊದಲು ಕಣ್ಣಿಗೆ ಬಿದ್ದದ್ದು ಅವರ ಕೊರಳಿನ ದಿಕ್ಸೂಚಿ. ಬೇರೆಯವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ ಹಾಗೆ ಇವರು ಅದನ್ನು ಕೆಂಪು ಹುರಿಯಲ್ಲಿ ಕಟ್ಟಿ ಎದೆಯ ಮೇಲೆ ತೂಗಿಸಿಕೊಂಡಿದ್ದರು. ಕಾಡಿನಲ್ಲಿ ಅಲ್ಲ, ಸ್ಟಾಫ್ ರೂಮಿನಲ್ಲಿ. ಮಾತಿನ ನಡುವೆ ಅದರ ಗಾಜಿಗೆ ಹಾ ಎಂದು ಉಸಿರು ಬಿಟ್ಟು ಕರವಸ್ತ್ರದ ತುದಿಯಿಂದ ಒರೆಸುವರು. ಉತ್ತರ ಗೊತ್ತಿಲ್ಲದ ಪ್ರಶ್ನೆ ಯಾರಾದರೂ ಕೇಳಿದಾಗ ಈ ಒರೆಸುವ ಕೆಲಸ ಸ್ವಲ್ಪ ಹೆಚ್ಚು ಹೊತ್ತು ನಡೆಯುತ್ತದೆ ಎಂದು ನನಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ನಮ್ಮ ಊರಿನ ಕಡೆ ದಿಕ್ಕು ಎಂದರೆ ಯಾರಿಗೂ ದೊಡ್ಡ ಸಂಗತಿಯಲ್ಲ. ಕಡಲು ಇರುವುದು ಪಡುವಣಕ್ಕೆ, ಘಟ್ಟ ಇರುವುದು ಮೂಡಣಕ್ಕೆ. ಮನೆಗಳಿಗೆ, ಗದ್ದೆಗಳಿಗೆ, ಬಾವಿಗಳಿಗೆ ಕೂಡ ಮೂಡು, ಪಡು ಎಂದೇ ಹೆಸರು. ಅನ್ನ ಬಡಿಸುವಾಗ ‘ಸ್ವಲ್ಪ ಮೂಡು ಬದಿಗೆ ಸರಿದು ಕೂತುಕೋ’ ಎನ್ನುವ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ನಮ್ಮ ಮುಖ್ಯಸ್ಥರಿಗೆ ಇದು ಸಹನೆಯಾಗುತ್ತಿರಲಿಲ್ಲ. ಕ್ಯಾಂಟೀನಿನ ಹೆಂಗಸು ಒಮ್ಮೆ, ನಿಮ್ಮ ಕೊಡೆ ಮೂಡು ಬದಿಯ ಗೋಡೆಗೆ ಒರಗಿಸಿ ಇಟ್ಟಿದ್ದೇನೆ ಎಂದಳು. ಮೂಡು ಎಂದರೆ ಎಷ್ಟು ಡಿಗ್ರಿ ಎಂದು ಇವರು ಕೇಳಿದರು. ಅವಳು ತಮಾಷೆ ಎಂದುಕೊಂಡು ನಕ್ಕಳು. ಇವರು ನಗಲಿಲ್ಲ. ಚಹಾ ಆರುವವರೆಗೆ ಅವಳಿಗೆ ಮುನ್ನೂರ ಅರವತ್ತು ಡಿಗ್ರಿಯ ಪಾಠ ಮಾಡಿದರು. ಸರತಿಯಲ್ಲಿ ನಿಂತ ಮಕ್ಕಳು ದೋಸೆ ಇಲ್ಲದೆ ತರಗತಿಗೆ ಹೋದವು. ಕೊಡೆ ಮಾತ್ರ ಅವಳು ಹೇಳಿದಲ್ಲಿಯೇ ಇತ್ತು.

ಕಾಪುವಿನಲ್ಲಿ ನಾವು ಹೊಸ ಮನೆ ಕಟ್ಟಿ ಒಕ್ಕಲಾದಾಗ ಸಹೋದ್ಯೋಗಿಗಳನ್ನೆಲ್ಲ ಕರೆದಿದ್ದೆ. ಶಂಕರಪುರದ ಮಲ್ಲಿಗೆಯ ದಂಡೆಗಳನ್ನು ಅಟ್ಟೆಗಟ್ಟಲೆ ತರಿಸಿ ಅಮ್ಮ ಬಾಗಿಲಿಗೆಲ್ಲ ಕಟ್ಟಿದ್ದರು. ಇವರು ಪಾಯಸ ಮುಗಿಸಿದವರೇ ಎದ್ದು, ಉಕ್ಕಿನ ಕಪಾಟಿನ ಮೇಲೆ ದಿಕ್ಸೂಚಿ ಇಟ್ಟು, ಅಡುಗೆಮನೆಯ ಬಾಗಿಲು ಪೂರ್ವಕ್ಕೆ ಇಲ್ಲ, ಏಳು ಡಿಗ್ರಿ ತಿರುಗಿದೆ ಎಂದು ಸಾರಿದರು. ಅಮ್ಮನ ಮುಖ ಬಾಡಿತು. ವಾಸ್ತು ನೋಡಿದವರಿಗೆ ಅದೇ ಸಂಜೆ ಫೋನು ಹೋಯಿತು. ಕಬ್ಬಿಣದ ಮೇಲೆ ಇಟ್ಟರೆ ಸೂಜಿ ಎಳೆಯಲ್ಪಡುತ್ತದೆ ಎಂಬುದು ಎಂಟನೆಯ ತರಗತಿಯ ಪಾಠ. ನಾನು ಅದನ್ನು ಅಂಗಳಕ್ಕೆ ತೆಗೆದುಕೊಂಡು ಹೋಗಿ ಜಗಲಿಯ ಮೇಲೆ ಇಟ್ಟು ತೋರಿಸಿದೆ. ಬಾಗಿಲು ನೇರ ಪೂರ್ವಕ್ಕೇ ಇತ್ತು. ಇವರು ಗಾಜು ಒರೆಸಿದರು. ಆಮೇಲೆ, ಎರಡು ಕಡೆ ಅಳೆದಾಗ ಸರಾಸರಿ ತೆಗೆದುಕೊಳ್ಳುವುದು ಕ್ರಮ, ಹಾಗಾಗಿ ಮೂರೂವರೆ ಡಿಗ್ರಿ ಎಂದರು. ಇಂಥವರು ಮಕ್ಕಳಿಗೆ ಕಾಂತಶಕ್ತಿಯ ಪಾಠ ಮಾಡುತ್ತಿದ್ದರು. ಅಮ್ಮನನ್ನು ಸಮಾಧಾನ ಮಾಡಲು ನನಗೆ ಒಂದು ವಾರ ಹಿಡಿಯಿತು.

ಅವರಿಗೆ ಗುಡ್ಡ ಹತ್ತಿಸುವ ಹುಚ್ಚು. ಮಳೆಗಾಲ ಮುಗಿದ ಮೇಲೆ ತಿಂಗಳಿಗೊಂದು ಭಾನುವಾರ ಮಕ್ಕಳನ್ನು ಕಾರ್ಕಳದ ಆಚೆಯ ಬಂಡೆಗುಡ್ಡಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಗುಡ್ಡ ಹತ್ತುವುದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಮಕ್ಕಳಿಗೆ ಅದು ಇಷ್ಟವೂ ಆಗುತ್ತಿತ್ತು. ಆದರೆ ಅವರ ಪ್ರಕಾರ ದಾರಿ ಇದ್ದಲ್ಲಿ ದಾರಿಯಲ್ಲಿಯೇ ನಡೆಯುವವನು ಹಾಲು ಹಾಕಲು ಡೈರಿಗೆ ಹೋಗುವವನು, ಚಾರಣಿಗನಲ್ಲ. ಚಾರಣಿಗ ಬೇರಿಂಗ್ ಹಿಡಿದು ನಡೆಯಬೇಕು. ಬೇರಿಂಗ್ ಎಂದರೆ ಉತ್ತರಕ್ಕೆ ಮುಖ ಮಾಡಿ ನಿಂತು ಬಲಕ್ಕೆ ಎಷ್ಟು ಡಿಗ್ರಿ ತಿರುಗಿ ನಡೆಯಬೇಕು ಎಂಬ ಅಂಕಿ. ಮೊದಮೊದಲು ಪ್ರವಾಸಿಗರಿಗೆ ಮಾರುವ ನಕ್ಷೆಯ ಮೇಲೆ ಮಕ್ಕಳ ಕೋನಮಾಪಕ ಇಟ್ಟು ಈ ಅಂಕಿ ತೆಗೆಯುತ್ತಿದ್ದರು. ಆ ನಕ್ಷೆಯಲ್ಲಿ ಉಡುಪಿಯಿಂದ ಕಾರ್ಕಳ ಒಂದು ಹೆಬ್ಬೆರಳಿನ ಅಗಲ. ಆ ಕಾಲದಲ್ಲಿ ಯಾರೂ ದಾರಿ ತಪ್ಪದೆ ಉಳಿದದ್ದಕ್ಕೆ ಕಾರಣ ಇಷ್ಟೇ. ಸೊಪ್ಪು ಸೌದೆಗೆ ಹೋಗುವವರ ಕಾಲುದಾರಿ ಎಲ್ಲ ಗುಡ್ಡದಲ್ಲಿಯೂ ಇತ್ತು, ಮುಂದೆ ಓಡುವ ಮಕ್ಕಳು ಅದನ್ನೇ ಹಿಡಿಯುತ್ತಿದ್ದವು. ಕೆಳಗೆ ತಲುಪಿದ ಮೇಲೆ ಇವರು ದಿಕ್ಸೂಚಿಯನ್ನು ಮುಚ್ಚಿ, ನೋಡಿದಿರಾ, ಸೂಜಿ ಹೇಳಿದಲ್ಲಿಗೇ ಬಂದೆವು ಎನ್ನುವರು.

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷ ಆದ ಮೇಲೆ, ಭೂಮಿಯ ಗೋಳವನ್ನೇ ತಿರುಗಿಸಿ ಆಕಾಶದಿಂದ ಊರು ತೋರಿಸುವ ಪ್ರೋಗ್ರಾಮು ಬಂತು. ನಮ್ಮ ಕಂಪ್ಯೂಟರ್ ಲ್ಯಾಬಿಗೆ ಇಂಟರ್ನೆಟ್ಟೂ ಬಂತು. ಇವರಿಗೆ ಕೋಡು ಮೂಡಿದ್ದು ಆಗ. ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿನ ಮುಂದೆ ಇವರು, ಹಿಂದೆ ಒತ್ತಾಯಕ್ಕೆ ನಿಂತ ನಾವು ನಾಲ್ಕು ಜನ. ಚಿತ್ರ ಚೌಕ ಚೌಕವಾಗಿ ಇಳಿಯುತ್ತಿತ್ತು. ಮಣಿಪಾಲ ಸ್ವಲ್ಪ ಸ್ಪಷ್ಟ, ಕಾರ್ಕಳ ದಾಟಿದರೆ ಒರಳಿನಲ್ಲಿ ರುಬ್ಬಿದ ಕೊತ್ತಂಬರಿ ಚಟ್ನಿ. ಅದರ ಮೇಲೆ ಇವರು ಮೌಸಿನಲ್ಲಿ ಹಳದಿ ಗೆರೆ ಎಳೆಯುವರು. ಇಲ್ಲಿ ಹತ್ತುವುದು, ಇಲ್ಲಿ ಇಳಿಯುವುದು, ಇಲ್ಲಿ ಬಸ್ಸು ಕಾಯುವುದು. ಗೆರೆ ಎಳೆದ ಕೂಡಲೇ ಅದರ ದೂರವನ್ನೂ ಡಿಗ್ರಿಯನ್ನೂ ಪ್ರೋಗ್ರಾಮು ತಾನೇ ತೋರಿಸುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಸರಿ ಇರುತ್ತಿತ್ತು. ಆದರೆ ಪ್ರೋಗ್ರಾಮು ಕೊಟ್ಟದ್ದನ್ನು ಹಾಗೆಯೇ ತೆಗೆದುಕೊಂಡರೆ ಇವರ ದೊಡ್ಡಸ್ತಿಕೆ ಎಲ್ಲಿ ಉಳಿಯಿತು? ಇವರು ಪ್ರತಿ ಅಂಕಿಗೂ ಹದಿನಾಲ್ಕು ಕೂಡಿಸುತ್ತಿದ್ದರು.

ಯಾಕೆ ಎಂದು ಕೇಳಿದರೆ ಮುಖ ಅರಳುತ್ತಿತ್ತು. ಭೂಮಿಯ ನಿಜವಾದ ಉತ್ತರ ದಿಕ್ಕು ಬೇರೆ, ಸೂಜಿ ತೋರಿಸುವ ಉತ್ತರ ಬೇರೆ, ಎರಡರ ನಡುವೆ ವ್ಯತ್ಯಾಸ ಉಂಟು, ನಕ್ಷೆಯ ಅಂಕಿಯನ್ನು ಸೂಜಿಯ ಅಂಕಿ ಮಾಡಬೇಕಾದರೆ ಕರೆಕ್ಷನ್ ಬೇಕು ಎಂದು ಬೋರ್ಡಿನ ಮೇಲೆ ಗೋಳ ಬರೆದು, ಗೋಳಕ್ಕೆ ಎರಡು ಜುಟ್ಟು ಬರೆದು ವಿವರಿಸುವರು. ಮಾತು ಸುಳ್ಳಲ್ಲ. ಅಂಥ ವ್ಯತ್ಯಾಸ ಇರುವುದು ನಿಜ. ಅದು ಹದಿನಾಲ್ಕೇ ಏಕೆ ಎಂದು ಮಾತ್ರ ಅವರು ಹೇಳುತ್ತಿರಲಿಲ್ಲ. ‘ಅದು ಸ್ಟ್ಯಾಂಡರ್ಡ್’ ಎನ್ನುವರು. ಇನ್ನೂ ಕೇಳಿದರೆ ಗಾಜು ಒರೆಸುವರು.

ಅವರ ಇನ್ನೊಂದು ಪದ್ಧತಿ ಎಂದರೆ ದಿಕ್ಸೂಚಿಯನ್ನು ತಾವು ಹಿಡಿಯುತ್ತಿರಲಿಲ್ಲ. ಪ್ರತಿ ಚಾರಣಕ್ಕೂ ಒಬ್ಬರ ಕೊರಳಿಗೆ ಅದನ್ನು ಹಾಕುವರು. ಹಾಕಿಸಿಕೊಂಡವರು ಇವರು ಕೊಟ್ಟ ಅಂಕಿಯ ನೇರಕ್ಕೆ ಸೂಜಿ ನೋಡಿಕೊಂಡು ಎಲ್ಲರ ಮುಂದೆ ನಡೆಯಬೇಕು. ಆಚೀಚೆ ನೋಡುವ ಹಾಗಿಲ್ಲ, ಪ್ರಶ್ನೆ ಕೇಳುವ ಹಾಗಿಲ್ಲ. ಇವರು ಸಾಲಿನ ಕೊನೆಯಲ್ಲಿ ಬೆತ್ತ ಬೀಸಿಕೊಂಡು ಬರುವರು. ‘ನೋಡಬೇಡಿ, ಅಳೆಯಿರಿ’ ಎನ್ನುವುದು ಅವರ ದೊಡ್ಡ ಮಾತು. ಅದನ್ನು ಲ್ಯಾಬಿನ ಗೋಡೆಗೂ ಬರೆಸಿದ್ದರು. ತಲುಪಿದರೆ ಕೀರ್ತಿ ಅಂಕಿ ಕೊಟ್ಟವರಿಗೆ, ತಲುಪದಿದ್ದರೆ ಹೊಣೆ ಹಿಡಿದವರಿಗೆ ಎಂಬುದು ಈ ಪದ್ಧತಿಯ ಒಳಗುಟ್ಟು. ಅದು ನಮಗೆ ಯಾರಿಗೂ ಆಗ ಹೊಳೆದಿರಲಿಲ್ಲ.

ಸುವರ್ಣಾ ಬಾಗಲಕೋಟೆ ಕಡೆಯವಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ನಮ್ಮಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದಳು. ಗಂಡ ಮಣಿಪಾಲದಲ್ಲಿ ಏಳುತ್ತಿದ್ದ ಫ್ಲಾಟುಗಳ ಸೈಟಿನಲ್ಲಿ ಸೂಪರ್‌ವೈಸರ್. ಒಂದು ಕಟ್ಟಡ ಮುಗಿದರೆ ಇನ್ನೊಂದು ಊರು. ಮದುವೆಯಾದ ಮೇಲೆ ಅವಳು ಎಷ್ಟೋ ಊರುಗಳಲ್ಲಿ ಒಲೆ ಹೂಡಿದ್ದಳು, ಮಗಳು ಎಷ್ಟೋ ಶಾಲೆ ಬದಲಿಸಿದ್ದಳು. ಪರ್ಕಳದ ಬಾಡಿಗೆ ಕೋಣೆಯಲ್ಲಿ ಮಾತ್ರ ಅವರು ಸ್ವಲ್ಪ ದೀರ್ಘ ಕಾಲ ನಿಂತಿದ್ದರು. ಕಾಲೇಜಿನಲ್ಲಿ ಅವಳ ಕೆಲಸ ಕಾಯಂ ಆದರೆ ಗಂಡನೂ ಊರೂರು ತಿರುಗುವುದನ್ನು ಬಿಟ್ಟು ಇಲ್ಲೇ ಏನಾದರೂ ನೋಡಿಕೊಳ್ಳುತ್ತಾನೆ ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ಆ ವರ್ಷ ಒಂದು ಹುದ್ದೆ ಕಾಯಂ ಆಗುವುದಿತ್ತು. ಶಿಫಾರಸು ಮಾಡಬೇಕಾದವರು ವಿಭಾಗದ ಮುಖ್ಯಸ್ಥರು, ಅಂದರೆ ಇವರು. ಅದಕ್ಕಾಗಿಯೇ ಪಾಪ, ಭಾನುವಾರ ಗುಡ್ಡಕ್ಕೆ ಬನ್ನಿ ಎಂದರೆ ಅವಳು ಒಂದು ಸಲವೂ ಇಲ್ಲ ಎನ್ನುತ್ತಿರಲಿಲ್ಲ. ಬರುವಾಗ ಎಲ್ಲರಿಗೂ ಸಾಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತರುವಳು. ಇವರು, ನಡೆಯುವಾಗ ಇಂಥ ಒಣ ತಿಂಡಿ ವೈಜ್ಞಾನಿಕವಲ್ಲ ಎಂದು ಉಪದೇಶ ಮಾಡಿ ಮೂರು ರೊಟ್ಟಿ ತಿನ್ನುವರು.

ಆ ಡಿಸೆಂಬರಿನ ಚಾರಣದಲ್ಲಿ ದಿಕ್ಸೂಚಿ ಬಿದ್ದದ್ದು ಅವಳ ಕೊರಳಿಗೆ. ಕಾರ್ಕಳದಿಂದ ಆಚೆ ಒಂದು ಗುಡ್ಡ. ಪಡು ಬದಿಯಿಂದ ಹತ್ತಿ ಮೂಡು ಬದಿಗೆ ಇಳಿಯುವುದು, ಅಲ್ಲಿ ಶಾಲೆಯ ಪಕ್ಕದ ನೀರಿನ ಟ್ಯಾಂಕಿಯ ಬುಡದಲ್ಲಿ ಬಸ್ಸು ಕಾಯುವುದು. ಮೇಲೆ ಬಂಡೆಯ ಮೇಲೆ ಊಟ ಮುಗಿಸಿ ಎದ್ದು ನೋಡಿದರೆ ಆ ಬಿಳಿ ಟ್ಯಾಂಕಿ ದೂರದಲ್ಲಿ ಕಾಣುತ್ತಲೇ ಇತ್ತು. ಸಣ್ಣದಾಗಿ ಕೆಂಪು ಬಸ್ಸೂ ಕಾಣುತ್ತಿತ್ತು. ಸುವರ್ಣಾ ಇವರು ಹೇಳಿದ ಅಂಕಿಗೆ ದಿಕ್ಸೂಚಿ ಹಿಡಿದಳು. ಹಿಡಿದು ತಲೆ ಎತ್ತಿದಳು. ಸೂಜಿಯ ನೇರ ಟ್ಯಾಂಕಿಯಿಂದ ಬಹಳ ಬಲಕ್ಕಿತ್ತು.

“ಸರ್, ಟಾಕಿ ಅಲ್ಲೇ ಕಾಣಸ್ತದಲ್ರಿ. ಈ ಅಂಕಿ ಹಿಡದ್ರ ನಾವು ಬಲಕ್ಕ ಹೊಂಟೇವಲ್ರಿ?” ಎಂದಳು.

“ನೋಡಬೇಡಿ, ಅಳೆಯಿರಿ. ಟ್ಯಾಂಕಿ ಊರಿಗೊಂದು ಉಂಟು” ಎಂದರು ಇವರು.

ಬಸ್ಸು ಊರಿಗೊಂದು ಇಲ್ಲವಲ್ಲ ಎಂದು ನಾನು ಹೇಳಿದೆ. ನಿಮ್ಮಂಥ ಗಣಿತದವರೂ ಕಣ್ಣನ್ನು ನಂಬಿದರೆ ಹೇಗೆ ಎಂದು ಇವರು ನಕ್ಕರು. ಮಕ್ಕಳೂ ನಕ್ಕವು. ಸುವರ್ಣಾ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಅವರ ಮುಖ ನೋಡಿದಳು. ಕಾಯಂ ಆಗಬೇಕಾದವಳು ಅವಳು. ತಲೆ ತಗ್ಗಿಸಿ ಸೂಜಿ ನೋಡುತ್ತ ನಡೆದಳು, ಹಿಂದೆ ನಾವು ಕುರಿಗಳ ಹಾಗೆ. ಟ್ಯಾಂಕಿ ಎಡಕ್ಕೆ ಸರಿಯುತ್ತ ಹೋಯಿತು. ಆಮೇಲೆ ಮುಳ್ಳುಪೊದೆಗಳ ಹಿಂದೆ ಮರೆಯಾಯಿತು.

ಆ ಬದಿಯಲ್ಲಿ ಕೆಲಸ ನಿಲ್ಲಿಸಿದ ಕಲ್ಲಿನ ಕೋರೆ ಒಂದಿತ್ತು, ಕಲ್ಲು ಕಡಿದು ತೆಗೆದು ಉಳಿದ ಆಳದ ಹೊಂಡ. ಹುಲ್ಲು ಬೆಳೆದು ಅಂಚು ಕಾಣುತ್ತಿರಲಿಲ್ಲ. ಸುವರ್ಣಾ ಸರಿಯಾದ ಹೊತ್ತಿಗೆ ನಿಂತಳು, ಕೈ ಅಡ್ಡ ಹಿಡಿದು ಕೂಗಿದಳು. ಪಕ್ಕದಲ್ಲಿ ಓಡಿ ಬಂದ ದಪ್ಪ ಹುಡುಗನೊಬ್ಬನಿಗೆ ನಿಲ್ಲಲು ಆಗಲಿಲ್ಲ. ಜಾರಿ ಕೆಳಗಿನ ಕಲ್ಲಿನ ಮೆಟ್ಟಿಲಿಗೆ ಬಿದ್ದ. ಇನ್ನೊಂದು ಮೆಟ್ಟಿಲು ಜಾರಿದ್ದರೆ ಕೋರೆಯ ಹಸಿರು ನೀರು. ಅವನ ಕಾಲು ಮುರಿದಿತ್ತು.

ಇಲ್ಲಿ ಒಂದು ಮಾತು ನ್ಯಾಯಕ್ಕೆ ಹೇಳಬೇಕು. ಕೆಳಗೆ ಇಳಿದು ಆ ಹುಡುಗನನ್ನು ಎತ್ತಿದವರು ಇವರೇ. ಐವತ್ತು ದಾಟಿದ ಮನುಷ್ಯ ಆ ಭಾರವನ್ನು ಬೆನ್ನ ಮೇಲೆ ಹೊತ್ತು ಪೊದೆ ದಾಟಿ ರಸ್ತೆಯವರೆಗೂ ಬಂದರು. ಯಾರಿಗೂ ಕೈ ಬದಲಿಸಲು ಬಿಡಲಿಲ್ಲ. ಉಸಿರು ಸಿಗದೆ ಮುಖ ಕಪ್ಪಿಟ್ಟಿತ್ತು. ಅಷ್ಟು ಹೊತ್ತು ಅವರ ಬಗ್ಗೆ ನನಗೆ ನಿಜವಾಗಿ ಗೌರವ ಬಂದಿತ್ತು. ಮಣಿಪಾಲದ ಆಸ್ಪತ್ರೆಯ ವರಾಂಡದಲ್ಲಿ ಅದು ಮುಗಿಯಿತು. ಹುಡುಗನ ತಂದೆ ಬಂದು, ಇದಕ್ಕೆ ಯಾರು ಹೊಣೆ ಎಂದು ಕೇಳಿದಾಗ ಇವರು ಸುವರ್ಣಾಳ ಕೊರಳಿನಲ್ಲಿ ಇನ್ನೂ ತೂಗುತ್ತಿದ್ದ ದಿಕ್ಸೂಚಿಯ ಕಡೆ ನೋಡಿದರು. ತಂದೆಯೂ ಅತ್ತ ನೋಡಿದ.

ಮಾರನೆಯ ದಿನ ನಾನು ಲ್ಯಾಬಿಗೆ ಹೋಗಿ ಅವರು ಕೂರುತ್ತಿದ್ದ ಕಂಪ್ಯೂಟರನ್ನು ಹಚ್ಚಿದೆ. ದಿಕ್ಸೂಚಿಯ ಬಗ್ಗೆ ಅವರು ಓದುತ್ತಿದ್ದ ಪುಟ ಹುಡುಕಬೇಕಾಗಿಯೂ ಬರಲಿಲ್ಲ, ಇಂಟರ್ನೆಟ್ ತೆರೆದ ಕೂಡಲೇ ಅದೇ ಎದುರಿಗೆ ಬಂತು. ಅಮೆರಿಕದ ಪೂರ್ವ ಬದಿಯ ಯಾವುದೋ ಬೆಟ್ಟದ ಚಾರಣಿಗನೊಬ್ಬ ತನ್ನ ಊರಿನವರಿಗೆ ಬರೆದದ್ದು. ನಮ್ಮ ಬೆಟ್ಟಗಳಲ್ಲಿ ನಕ್ಷೆಯ ಅಂಕಿಗೆ ಹದಿನಾಲ್ಕು ಕೂಡಿಸಿ, ಬೇರೆ ಊರಿನವರು ನಿಮ್ಮ ಊರಿನ ಲೆಕ್ಕ ಕೇಳಿ ತಿಳಿದುಕೊಳ್ಳಿ ಎಂದು ಅವನು ಸರಿಯಾಗಿಯೇ ಬರೆದಿದ್ದ. ಇವರು ಮೊದಲ ಅರ್ಧ ಓದಿ ಎದ್ದಿದ್ದರು. ಸರ್ವೆ ಕಲಿಸುವ ಸಹೋದ್ಯೋಗಿಯನ್ನು ಕೇಳಿದೆ. ನಮ್ಮ ಕರಾವಳಿಯಲ್ಲಿ ಆ ವ್ಯತ್ಯಾಸ ಒಂದೆರಡು ಡಿಗ್ರಿ, ಕೈಯಲ್ಲಿ ಹಿಡಿದ ಸೂಜಿ ನಡುಗುವುದೇ ಅದಕ್ಕಿಂತ ಹೆಚ್ಚು, ಕೂಡಿಸದಿದ್ದರೂ ಏನೂ ಆಗುವುದಿಲ್ಲ ಎಂದರು. ಅಮೆರಿಕದ ಬೆಟ್ಟಕ್ಕೆ ಕೂಡಿಸಬೇಕಾದ ಅಂಕಿಯನ್ನು ತಂದು ಕಾರ್ಕಳದ ಗುಡ್ಡಕ್ಕೆ ಕೂಡಿಸಿದ ಈ ಪಂಡಿತರು ನಮ್ಮನ್ನು ಕೋರೆಯ ಬಾಯಿಗೆ ನಡೆಸಿದ್ದರು.

ನೇರ ಅವರ ಮೇಜಿಗೆ ಹೋಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಗಾಜು ಒರೆಸಿದರು. ‘ಇದನ್ನು ಅಧ್ಯಯನ ಮಾಡಬೇಕಾಗುತ್ತದೆ’ ಎಂದರು.

ವಿಚಾರಣೆಗೆ ಪ್ರಾಂಶುಪಾಲರು ಮತ್ತು ಆಡಳಿತ ಮಂಡಳಿಯ ಇಬ್ಬರು ಕುಳಿತಿದ್ದರು. ನಾನು ಹದಿನಾಲ್ಕರ ಕಥೆಯನ್ನು ಬಿಡಿಸಿ ಹೇಳಿದೆ. ಇದಕ್ಕೆ ನಿಮ್ಮ ಉತ್ತರ ಏನು ಎಂದು ಅವರನ್ನು ಕೇಳಿದಾಗ ಎದ್ದು ಬೋರ್ಡಿಗೆ ಹೋಗಿ ಗೋಳ ಬರೆದರು, ಎರಡು ಜುಟ್ಟು ಬರೆದರು. ಭೂಗರ್ಭದ ಕರಗಿದ ಕಬ್ಬಿಣದಿಂದ ಆರಂಭಿಸಿದರು. ಮಂಡಳಿಯ ಸದಸ್ಯರಲ್ಲಿ ಒಬ್ಬರಿಗೆ ಜವಳಿ ಅಂಗಡಿ, ಇನ್ನೊಬ್ಬರಿಗೆ ಬಸ್ಸುಗಳು. ಇಬ್ಬರೂ ತಲೆದೂಗಿದರು. ಅರ್ಥವಾಗದ ವಿಷಯವನ್ನು ಇಷ್ಟು ಗಂಭೀರವಾಗಿ ಹೇಳುವ ಮನುಷ್ಯ ತಪ್ಪು ಮಾಡಿರಲಾರ ಎಂಬ ಭಕ್ತಿ ಅವರ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು, ಎಲ್ಲರಿಗೂ ಅರ್ಥವಾಗುವ ಒಂದೇ ಮಾತು ಹೇಳಿದರು.

“ನಾನು ಅಂಕಿ ಕೊಟ್ಟೆ. ಹಿಡಿದದ್ದು ಅವರು.”

ಸುವರ್ಣಾ ಎದ್ದು ನಿಂತಳು. ಸರ್ ಕೊಟ್ಟ ಅಂಕಿಯನ್ನೇ ಹಿಡಿದೆ, ಟ್ಯಾಂಕಿ ಕಾಣುತ್ತದೆ ಎಂದು ಹೇಳಿಯೂ ಹೇಳಿದೆ ಎಂದಳು. ಕಾಣುತ್ತಿತ್ತು ಎಂದಾದರೆ ಯಾಕಮ್ಮ ಅತ್ತ ಹೋಗಲಿಲ್ಲ ಎಂದು ಬಸ್ಸಿನ ಧಣಿಗಳು ಕೇಳಿದರು. ಅದಕ್ಕೆ ಉತ್ತರ ಅವಳಲ್ಲಿ ಇತ್ತು, ಆದರೆ ಅದನ್ನು ಆ ಕೋಣೆಯಲ್ಲಿ ಯಾರ ಎದುರು ಹೇಳುವುದು? ಅವಳು ಕುಳಿತಳು. ನಾನು ಮತ್ತೆ ಬಾಯಿ ಹಾಕಿದ್ದಕ್ಕೆ ಪ್ರಾಂಶುಪಾಲರು, ನೀವು ಹೇಳುವುದು ಮುಗಿಯಿತಲ್ಲ ಮೇಡಂ ಎಂದು ಕುಳ್ಳಿರಿಸಿದರು. ಆ ವರ್ಷ ಹುದ್ದೆ ಬೇರೊಬ್ಬರಿಗೆ ಕಾಯಂ ಆಯಿತು. ಅವಳ ತಾತ್ಕಾಲಿಕ ಕೆಲಸವನ್ನೂ ಮುಂದುವರಿಸಲಿಲ್ಲ.

ಸುವರ್ಣಾ ಮನೆ ಖಾಲಿ ಮಾಡುವ ದಿನ ನಾನು ಪರ್ಕಳಕ್ಕೆ ಹೋಗಿದ್ದೆ. ಗಂಡನಿಗೆ ಹೊಸ ಸೈಟು ಬೇರೆ ಜಿಲ್ಲೆಯಲ್ಲಿ ಸಿಕ್ಕಿತ್ತು. ಪಾತ್ರೆಗಳೆಲ್ಲ ಗೋಣಿಚೀಲ ಸೇರಿದ್ದವು. ಮಗಳು ಶಾಲೆಯ ಸಮವಸ್ತ್ರ ತೆಗೆಯುವುದಿಲ್ಲ ಎಂದು ಹಟ ಹಿಡಿದು ಅದನ್ನೇ ಹಾಕಿಕೊಂಡು ಕುಳಿತಿದ್ದಳು. ಸುವರ್ಣಾ ನನಗೆ ಚಹಾ ಮಾಡಲು ಒಂದು ಪಾತ್ರೆ ಹೊರಗೆ ಉಳಿಸಿಕೊಂಡಿದ್ದಳು. ಅಳಲಿಲ್ಲ. ನನಗೇ ಅಳು ಬರುವ ಹಾಗಿತ್ತು. ಇನ್ನೊಂದು ಕಡೆ ಅರ್ಜಿ ಹಾಕು, ನಾನು ಬೇಕಾದರೆ ಮಾತಾಡುತ್ತೇನೆ ಎಂದೆ.

“ಹಾಕ್ತೇನ್ರಿ ಅಕ್ಕಾರ. ಹಿಂದಿನ ಕಾಲೇಜು ಯಾಕ ಬಿಟ್ರಿ ಅಂತ ಕೇಳತಾರ, ಏನ ಹೇಳ್ಲಿ?” ಎಂದಳು. ಚಹಾದ ಲೋಟ ನನ್ನ ಮುಂದಿಟ್ಟು, “ನೌಕರಿ ಹೋದ್ರ ಹೋಗ್ಲಿ. ತಪ್ಪು ಆಕೀದಲ್ಲ ಅಂತ ಆ ಮನಷ್ಯಾ ಒಂದ ಸಲ ತನ್ನ ಬಾಯಿಲೆ ಅಂದಿದ್ರ ಸಾಕಿತ್ರಿ” ಎಂದಳು.

ಆ ಮಾತನ್ನು ನಾನು ಅವರಿಗೆ ತಲುಪಿಸಿದೆ. ಅಧ್ಯಯನ ಇನ್ನೂ ನಡೆಯುತ್ತಿದೆ ಎಂದು ತಿಳಿಯಿತು.

ಹುಡುಗನ ಕಾಲು ಕೂಡಿತು, ಅವನ ತಂದೆಯ ಸಿಟ್ಟು ಇಳಿಯಿತು, ಮುಂದಿನ ಮಳೆಗಾಲವೂ ಮುಗಿಯಿತು. ಚಾರಣ ಮತ್ತೆ ಸುರುವಾಯಿತು. ಇಂಥವರನ್ನು ಯಾರೂ ನಿಲ್ಲಿಸುವುದಿಲ್ಲ. ಹುಡುಗಿಯರೂ ಬರುತ್ತಾರೆ, ಒಬ್ಬರಾದರೂ ಮೇಡಂ ಇರಬೇಕು ಎಂದು ಪ್ರಾಂಶುಪಾಲರು ನನ್ನನ್ನು ಹೊರಡಿಸಿದರು. ನಾನು ಬೇಡ ಎನ್ನಲಿಲ್ಲ. ಈ ಸಲ ಆ ಹದಿನಾಲ್ಕನ್ನು ಮಕ್ಕಳ ಎದುರಿಗೇ ಹಿಡಿಯಬೇಕು ಎಂದು ಮನಸ್ಸಿನಲ್ಲಿ ಮಾಡಿಕೊಂಡಿದ್ದೆ. ಶನಿವಾರ ಲ್ಯಾಬಿಗೂ ಹೋಗಿ ಅವರ ಹೆಗಲ ಹಿಂದೆ ನಿಂತು ನೋಡಿದೆ. ಹಳದಿ ಗೆರೆ ಎಳೆದರು. ಇಳಿಯುವ ದಾರಿಗೆ ಪ್ರೋಗ್ರಾಮು ಅರವತ್ತೆರಡು ಡಿಗ್ರಿ ಎಂದು ತೋರಿಸಿತು. ಇದಕ್ಕೆ ಹದಿನಾಲ್ಕು ಕೂಡಿಸಿ ಎಪ್ಪತ್ತಾರು ಎನ್ನುತ್ತಾರೆ, ಆಗ ಬಾಯಿ ಬಿಡುತ್ತೇನೆ ಎಂದುಕೊಂಡೆ.

ಭಾನುವಾರ ಗುಡ್ಡದ ಮೇಲೆ ಹೊಸದಾಗಿ ಸೇರಿದ್ದ ಉಪನ್ಯಾಸಕನೊಬ್ಬನ ಕೊರಳಿಗೆ ದಿಕ್ಸೂಚಿ ಹಾಕಿದರು. ಅವನ ಹೆಗಲು ತಟ್ಟಿ, ಎಲ್ಲರಿಗೂ ಕೇಳಿಸುವ ಹಾಗೆ ಅಂಕಿ ಹೇಳಿದರು.

“ಅರವತ್ತೆರಡು.”

ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದು ಆ ಉಪನ್ಯಾಸಕನನ್ನು ಇನ್ನೊಮ್ಮೆ ಕೇಳಿದೆ. ಅರವತ್ತೆರಡೇ ಮೇಡಂ ಎಂದ.

“ಸರ್, ಹದಿನಾಲ್ಕು ಕೂಡಿಸಲಿಲ್ಲವಾ?” ಎಂದೆ.

ಒರೆಸಲು ಅವರ ಕೊರಳಲ್ಲಿ ದಿಕ್ಸೂಚಿ ಇರಲಿಲ್ಲ. ಹೊರಗೆ ತೆಗೆದ ಕರವಸ್ತ್ರವನ್ನು ಮತ್ತೆ ಜೇಬಿಗೆ ತುರುಕಿದರು. “ನಮ್ಮ ಊರಿಗೆ ಅದು ಬೇಡ ಮೇಡಂ” ಎಂದರು.

“ಸುವರ್ಣಾ ಹಿಡಿದ ದಿನ ಬೇಕಿತ್ತಾ?”

ಮಕ್ಕಳೆಲ್ಲ ನಮ್ಮನ್ನೇ ನೋಡುತ್ತಿದ್ದವು. ಅವರ ಕಿವಿ ಕೆಂಪಾಯಿತು. ಈಗ ಹೇಳುತ್ತಾರೆ, ಒಂದೇ ಒಂದು ಮಾತು, ಈಗಲಾದರೂ ಹೇಳುತ್ತಾರೆ ಎಂದು ನಾನು ಕಾದೆ.

“ಹೊರಡುವ. ಬಿಸಿಲು ಏರ್ತಾ ಉಂಟು” ಎಂದರು.

ಇಳಿದೆವು. ಹೊಸ ಉಪನ್ಯಾಸಕ ಸೂಜಿ ಬಿಟ್ಟು ಕಣ್ಣೆತ್ತಲಿಲ್ಲ. ಎಲ್ಲಿಯೂ ದಾರಿ ತಪ್ಪಲಿಲ್ಲ, ಯಾರ ಕಾಲೂ ಎಡವಲಿಲ್ಲ. ಪೊದೆ ಮುಗಿದು ರಸ್ತೆಗೆ ಕಾಲಿಟ್ಟಾಗ ಬಸ್ಸು ಸರಿಯಾಗಿ ಎದುರಿಗೇ ನಿಂತಿತ್ತು, ಬಾಗಿಲು ಕೂಡ ನಮ್ಮ ಕಡೆಗೇ ಇತ್ತು. ಮಕ್ಕಳು ಚಪ್ಪಾಳೆ ತಟ್ಟಿದವು. ಅವರು ಬೆತ್ತವನ್ನು ಕಂಕುಳಲ್ಲಿ ಇರುಕಿಕೊಂಡು, ಎರಡೂ ಕೈ ಜೋಡಿಸಿ, ಆ ಚಪ್ಪಾಳೆಯನ್ನು ಸ್ವೀಕರಿಸಿದರು.